ಮೂವತ್ತಾರು ಚದರ

ಕಾಗದಪತ್ರ ಇಲ್ಲ. ಕಟ್ಟಿದವನೂ ಇಲ್ಲ.
ಹೆಲ್ಮರ್ ತಾನೇ ಕೊಯ್ದು ತಾನೇ ಜೋಡಿಸಿದ ದೋಣಿ;
ಇಪ್ಪತ್ತು ಚಳಿಗಾಲ ತನ್ನದೇ ಹಳಿಯ ಮೇಲೆ
ತನ್ನದೇ ರಾಟೆಯಿಂದ ದಡಕ್ಕೆ ಎಳೆದುಕೊಂಡ,
ತೂಕ ಎಷ್ಟೆಂದು ಯಾರಿಗೂ ಹೇಳಬೇಕಾಗಿ ಬರಲಿಲ್ಲ.
ಮೇ ತಿಂಗಳಲ್ಲಿ ಅವನು ಹೋದ. ಸೆಪ್ಟೆಂಬರಿನಲ್ಲಿ ಹಳಿ ಮುರಿಯಿತು.
ಫೋಗ್ಲೋ ದ್ವೀಪದ ಕೊಲ್ಲಿ ಹೆಪ್ಪುಗಟ್ಟುವ ಮೊದಲು
ದೋಣಿ ಮೇಲೆ ಬರಬೇಕು.

ಕ್ರೇನಿನ ರಾಸ್ಮುಸ್ ಕೇಳುವುದು ಒಂದೇ ಅಂಕಿ.
"ಮೂರೂವರೆ ಟನ್ನಿನ ಮೇಲೆ ಎತ್ತಲಾರೆ. ಬರೆದು ಕೊಡಿ."
ಗುನ್ನೆಲ್ ನನ್ನ ಬಾಗಿಲಿಗೆ ಬಂದಳು,
ತಳ್ಳುಗಾಡಿಯಲ್ಲಿ ಎರಡು ಹಾಯಿ ಹೇರಿಕೊಂಡು.
ನಾನು ಹಾಯಿ ಹೊಲಿಯುವವಳು, ದೋಣಿ ತೂಗುವವಳಲ್ಲ
ಅನ್ನಲು ಬಾಯಿ ಬರಲಿಲ್ಲ.

ಶಾಲೆಯ ಆಟದ ಕೋಣೆಯಲ್ಲಿ, ಬೂಟು ಕಳಚಿ,
ಬಾಸ್ಕೆಟ್‌ಬಾಲ್ ಗೆರೆಗಳ ಮೇಲೆ ಹಾಸಿದೆವು.
ದೊಡ್ಡದಕ್ಕೆ ಬುಡ ನಾಲ್ಕು, ಎತ್ತರ ಹನ್ನೊಂದು,
ಗುಣಿಸಿ ಅರ್ಧ ಮಾಡಿದರೆ ಇಪ್ಪತ್ತೆರಡು. ಮುಂದಿನದು ಹದಿನಾಲ್ಕು.
ಮೂವತ್ತಾರು ಚದರ ಮೀಟರ್ ಬಟ್ಟೆ,
ಒಂದೆಡೆ ಕಾಫಿಯ ಕಲೆ, ಒಂದೆಡೆ ನಾನು ಹಾಕದ ತೇಪೆ,
ಮೀನುಬಲೆಯ ದಾರದಲ್ಲಿ, ಗಂಡಸಿನ ಹೊಲಿಗೆ.

ಬಟ್ಟೆಗೆ ಉದ್ದ ಅಗಲ ಎರಡೇ; ನೀರಿಗೆ ಆಳವೂ ಉಂಟು.
ಬಟ್ಟೆಯಿಂದ ನೀರಿಗಿಳಿಯಲು ಮೆಟ್ಟಿಲು ಬೇಕು:
ಭಾಗಿಸು, ವರ್ಗಮೂಲ ತೆಗೆ, ಬಂದದ್ದನ್ನು ಘನ ಮಾಡು.
ದೋಣಿ ಎಷ್ಟು ನೀರನ್ನು ಸರಿಸಿ ಕೂತಿದೆಯೋ
ಅಷ್ಟೇ ಅದರ ತೂಕ.
ಭಾಗಿಸುವುದು ಯಾವುದರಿಂದ? ಅಲ್ಲಿ ಲೆಕ್ಕ ನಿಂತು
ಸ್ವಭಾವ ಶುರುವಾಗುತ್ತದೆ.
ಚುರುಕಿನ ದೋಣಿಗೆ ಇಪ್ಪತ್ತು, ಸಾಧಾರಣಕ್ಕೆ ಹದಿನಾರು,
ಉಂಡು ಕೂತ ದೋಣಿಗೆ ಅದಕ್ಕೂ ಕಡಿಮೆ.

ಹದಿನಾರು ಹಿಡಿದೆ. ಎಷ್ಟು ಚಂದ ಬಂತು ನೋಡಿ:
ಮೂವತ್ತಾರಕ್ಕೆ ಆರು, ಹದಿನಾರಕ್ಕೆ ನಾಲ್ಕು, ಭಾಗಿಸಿದರೆ ಒಂದೂವರೆ;
ಒಂದೂವರೆಯ ಘನ ಮೂರೂಕಾಲಿಗೆ ತುಸು ಮೇಲೆ.
ನಮ್ಮ ಕಡಲಿಗೆ ಉಪ್ಪು ಕಡಿಮೆ,
ಘನಮೀಟರ್ ಅಂದರೆ ಹೆಚ್ಚುಕಡಿಮೆ ಟನ್ನು ಅಂತಲೇ.
"ಎತ್ತಬಹುದು" ಅಂದೆ.

ಗುನ್ನೆಲ್ ನನ್ನ ಪೆನ್ಸಿಲನ್ನೇ ನೋಡುತ್ತಿದ್ದಳು.
"ಅವನನ್ನು ಎಲ್ಲರೂ ಹಿಂದೆ ಹಾಕುತ್ತಿದ್ದರು.
ಪಾದ್ರಿ ಕೂಡ. ಪಾದ್ರಿಯದು ಇದರರ್ಧ ಹಾಯಿ.
ಆರಕ್ಕೆ ಬರುತ್ತೇನೆಂದು ಹೋದರೆ
ನಾನು ಒಂಬತ್ತಕ್ಕೆ ಆಲೂಗಡ್ಡೆ ಬೇಯಲು ಇಡುತ್ತಿದ್ದೆ."

ಹದಿನಾರು ಅಳಿಸಿ ಹದಿನಾಲ್ಕು ಬರೆದೆ.
ನಾಲ್ಕು ಟನ್ನು ದಾಟಿತು, ಮೇಲೆ ನೂರ ನಲವತ್ತು ಕಿಲೋ.
ಮೂರು ಗಂಟೆ ತಡವಾದ ಆಲೂಗಡ್ಡೆಯ ತೂಕ
ಮುಕ್ಕಾಲು ಟನ್ನು.

ದೋಣಿಗೆ ಹೋಗಿ ನೆಲದ ಹಲಗೆ ಎತ್ತಿದೆವು.
ಕಬ್ಬಿಣ ಇರಬೇಕಾದಲ್ಲಿ ಕಲ್ಲು,
ಮಟ್ಟಸವಾಗಿ ಒಡೆದ ಕೆಂಪು ಕಲ್ಲು,
ಕೆಲವಕ್ಕೆ ಒಂದು ಮಗ್ಗುಲಲ್ಲಿ ಇನ್ನೂ ಸುಣ್ಣ.
ಗುನ್ನೆಲ್ ಒಂದನ್ನು ತೊಡೆಯ ಮೇಲಿಟ್ಟುಕೊಂಡಳು.
"ಇದು ನನ್ನ ಸೌನಾದ ಹಿಂದಿನ ಗೋಡೆ.
ವಸಂತ ಬಂತೆಂದರೆ ಒಂದಿಷ್ಟು ಕುಸಿಯುತ್ತಿತ್ತು.
ನಾನು ಕುರಿಗಳನ್ನು ಬೈದೆ. ಇಪ್ಪತ್ತು ವರ್ಷ."

ಒಂದನ್ನು ತೂಗಿದೆ: ಹದಿನಾರು ಕಿಲೋ.
ಅಳಿಸಿದ ಅಂಕಿ ಎಲ್ಲೋ ಒಂದು ಕಡೆ ಕೂತಿರುತ್ತದೆ.
ಕೈಯಿಂದ ಕೈಗೆ ಮೂವತ್ತೊಂಬತ್ತು, ನಲವತ್ತು, ನಲವತ್ತೊಂದು.
ದೋಣಿ ಏಳುವುದು ಕಾಣಲಿಲ್ಲ;
ಆಮೇಲೆ ನೋಡಿದರೆ ಬಣ್ಣದ ಗೆರೆಯ ಕೆಳಗೆ
ನಾಲ್ಕು ಬೆರಳು ಹಸಿರು ಪಾಚಿ, ಒದ್ದೆಯಾಗಿ,
ಬೇಸಿಗೆಯಿಡೀ ಗಾಳಿ ಸೋಕದ್ದು.

ರಾಸ್ಮುಸ್ ಪಟ್ಟಿ ಬಿಗಿದ. ಕ್ರೇನು ಒಮ್ಮೆ ನರಳಿ ಎತ್ತಿತು.
ಕೆಂಪು ಅಂಕಿ: ಮೂರು ಸಾವಿರದ ನಾನೂರ ಮೂವತ್ತು.
"ಒಳ್ಳೆ ಲೆಕ್ಕ" ಅಂದ. ನಾನು ಸುಮ್ಮನಿದ್ದೆ,
ಹದಿನಾಲ್ಕು ನನ್ನದಲ್ಲವಲ್ಲ.

ದೋಣಿ ಇದ್ದ ಜಾಗದಲ್ಲಿ ನೀರು ಒಂದು ಸುತ್ತು ತಿರುಗಿ
ಸಮವಾಯಿತು. ಗುನ್ನೆಲ್ ಅದನ್ನು ನೋಡಲಿಲ್ಲ.
ಹಾಯಿ ತಂದಿದ್ದ ಗಾಡಿಗೆ ಕಲ್ಲು ತುಂಬುತ್ತಿದ್ದಳು,
ದೊಡ್ಡವು ಕೆಳಗೆ, ಸಣ್ಣವು ಮೇಲೆ,
ಕುರಿಗಳಿಗೆ ಏನಾದರೂ ಹೇಳಬೇಕು ಅನ್ನುತ್ತಾ.