ತಮ್ಮನ ಮೋಟಾರು

ಜಾಯ್‌ಸ್ಟಿಕ್ಕಿನ ಹೊಟ್ಟೆ ಸೀಳಿದರೆ ಒಳಗೆ ಎರಡು ಮೋಟಾರು.
ಎಡಕ್ಕೆ ದಪ್ಪನೆಯದು, ಬಲಕ್ಕೆ ಸಣ್ಣದು,
ಒಂದೇ ತಾಯಿಯ ಅಣ್ಣ ತಮ್ಮ.
ಆಟದಲ್ಲಿ ಲಾರಿ ಗುದ್ದಿದರೆ ಅಣ್ಣ ಗುಡುಗುತ್ತಾನೆ,
ಗುಂಡು ಕಿವಿಯ ಪಕ್ಕ ಹಾದರೆ ತಮ್ಮ ಜುಂಯ್ ಅನ್ನುತ್ತಾನೆ.
ಇಷ್ಟು ತಿಳಿಯುವುದರೊಳಗೆ
ನನ್ನ ಕೈಯಲ್ಲಿ ನಾಲ್ಕು ಜಾಯ್‌ಸ್ಟಿಕ್ಕು ಸತ್ತಿದ್ದವು.

ಅಂಗಡಿ ಅಂದರೆ ಮೆಟ್ಟಿಲ ಕೆಳಗಿನ ಜಾಗ.
ಮೇಲೆ ಹಲ್ಲಿನ ಡಾಕ್ಟರು. ಕೆಳಗೆ ನಾನು, ಮೂರು ಟೀವಿ,
ಹತ್ತು ರೂಪಾಯಿಗೆ ಇಪ್ಪತ್ತು ನಿಮಿಷ.
ಹಲ್ಲು ಕೀಳಿಸಿಕೊಂಡವರು ಬಾಯಲ್ಲಿ ಹತ್ತಿ ಕಚ್ಚಿಕೊಂಡೇ
ಒಂದಾಟ ಆಡಿ ಹೋಗುತ್ತಾರೆ.
ರೈಲ್ವೆ ಗೇಟು ಬಿದ್ದರೆ ವ್ಯಾಪಾರ ಜೋರು;
ಗೂಡ್ಸು ಗಾಡಿ ಉದ್ದವಿದ್ದಷ್ಟೂ ನನಗೆ ಲಾಭ.

ನಾನು ಕಟ್ಟಿದ ಯಂತ್ರಗಳ ಕತೆ ದಾವಣಗೆರೆಯಲ್ಲಿ ಯಾರೂ ಕೇಳಬಾರದು.
ದೋಸೆಗೆ ಬೆಣ್ಣೆ ಕಡಿಮೆ ಬಿದ್ದರೆ ಕಿರುಚುವ ತಕ್ಕಡಿ:
ತೀರ್ಥಲಿಂಗಪ್ಪನ ಹೋಟೆಲಿನಲ್ಲಿ ಅರ್ಧ ದಿನ ಬಾಳಿತು,
ಮಧ್ಯಾಹ್ನ ಅವನೇ ಅದನ್ನು ಚಟ್ನಿ ಬಕೆಟ್ಟಿನಲ್ಲಿ ಮುಳುಗಿಸಿದ.
ನೀರು ಬಂದೊಡನೆ ಮಿಣುಕುವ ನಲ್ಲಿ:
ಮೊದಲು ಬರುವುದು ಗಾಳಿ, ಅದು ನನಗೆ ಹೊಳೆದಿರಲಿಲ್ಲ,
ನಸುಕಿನಲ್ಲಿ ಇಡೀ ಓಣಿ ಎದ್ದು
ಕೊಡಗಟ್ಟಲೆ ಗಾಳಿ ತುಂಬಿಕೊಂಡಿತು.

ಮಾಬುಬ್ಬಿ ಬಂದದ್ದು ಮೊಮ್ಮಗನ ಕಿವಿ ಹಿಂಡಿ ಎಳೆದೊಯ್ಯಲು.
ಮಂಡಕ್ಕಿ ಭಟ್ಟಿಯ ಹೆಂಗಸು.
ಮೂವತ್ತು ವರ್ಷದ ಸುಡುಮರಳು ಹುಬ್ಬು ತಿಂದಿತ್ತು,
ಕಿವಿಯನ್ನು ಯಾವುದು ತಿಂದಿತೋ ಅವಳಿಗೂ ಗೊತ್ತಿಲ್ಲ.
ಹುಡುಗ ಜಾಣ. ಅಜ್ಜಿಯ ಕೈಗೆ ಜಾಯ್‌ಸ್ಟಿಕ್ಕು ತುರುಕಿ
ಪರದೆಯ ಮೇಲೆ ಗುಂಡಿನ ಮಳೆಗೆ ನುಗ್ಗಿದ.
ಅವಳು ಬೆಚ್ಚಿದಳು, ಕೈ ಬಿಡಲಿಲ್ಲ.
ಕೋಳಿಮರಿ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದು
“ಜೀವ ಐತಿ ಇದಕ್ಕ” ಅಂದಳು.
ಆಮೇಲೆ, ಸುಮಾರು ಹೊತ್ತು ಬಿಟ್ಟು,
“ಅಕ್ಕಿ ಹಿಂಗ ಅಂತಿತ್ತು, ಆಗ.”

ಐದನೆಯದು ಸತ್ತದ್ದು ಹೀಗೆ.
ತಮ್ಮನನ್ನು ಕಿತ್ತೆ. ಹಾಳಾದ ಮೊಬೈಲಿನ ಮೈಕು,
ಯಾರೋ ಮರೆತುಹೋದ ಕೈಗಡಿಯಾರದ ಪಟ್ಟಿ,
ಆಟಿಕೆ ಕಾರಿನ ಬ್ಯಾಟರಿ, ಮೇಲೆ ಮಕ್ಕಳ ಅಂಟುಪಟ್ಟಿ ಎರಡು ಸುತ್ತು.
ನೋಡಲು ಗಾಯಕ್ಕೆ ಕಟ್ಟಿದ ಬಟ್ಟೆಯಂತಿತ್ತು.

ಬೆಳಗಿನ ನಾಲ್ಕು. ಭಟ್ಟಿ ಓಣಿಯ ಹೊಗೆಗೆ ನನಗೆ ಕೆಮ್ಮು,
ಪ್ರತಿ ಕೆಮ್ಮಿಗೂ ಅವಳ ಮಣಿಕಟ್ಟು ನಡುಗಿ
ಅವಳು ತಿರುಗಿ ನನ್ನನ್ನು ನೋಡುತ್ತಾಳೆ.
ಉಪ್ಪಕ್ಕಿ ಮರಳಿಗೆ ಬಿತ್ತು.
ಒಂದು. ಎರಡು. ಆಮೇಲೆ ಲೆಕ್ಕವಿಲ್ಲ.
ಬಾಣಲೆಯಲ್ಲಿ ಬೆಳ್ಳಗೆ ಉಕ್ಕುತ್ತಿದ್ದುದನ್ನು ಬಿಟ್ಟು
ಅವಳು ತನ್ನ ಕೈಯನ್ನೇ ನೋಡುತ್ತಿದ್ದಳು, ಬಾಯಿ ತೆರೆದು.
ಆ ಘಾಣ ಅಷ್ಟೂ ಸೀದು ಹೋಯಿತು.

“ಅರಳಿದ್ದು ನನಗ ವಾಸನೀಲೇ ಗೊತ್ತಾಗತೈತಿ, ಹುಚ್ಚಪ್ಪ,
ಕೆಲಸಕ್ಕ ಇದು ಬ್ಯಾಡ.”
ಅಂದಳೇ ಹೊರತು ಬಿಚ್ಚಲಿಲ್ಲ.

ವಾರ ಕಳೆದು ಭಟ್ಟಿಯ ಮಾಲೀಕ ಚಮನ್‌ಸಾಬ್ ಬಂದ,
ಮೆಟ್ಟಿಲಿಗೆ ತಲೆ ಬಡಿಸಿಕೊಂಡು, ಆ ಸಿಟ್ಟೂ ಸೇರಿಸಿ:
“ಏನ್ ಕಟ್ಟೀಯಲೇ ಆಕಿಗೆ?
ಬೈದರೆ ನಗತಾಳೆ! ಜೋರು ಬೈದರೆ
ಕಚಗುಳಿ ಇಟ್ಟಂಗ ಕುಂತು ನಗತಾಳೆ!”
ಅವನ ಹಿಂದೆ ಮೂವರು ಹೆಂಗಸರು, ತಲೆಗೂದಲಿಗೆ ಹೊಟ್ಟು ಅಂಟಿದವರು,
ಕಿವಿ ನೆಟ್ಟಗಿರುವವರು.
ಚಮನ್‌ಸಾಬ್ ಹೋಗುವುದನ್ನೇ ಕಾದು
ಮಣಿಕಟ್ಟು ಮುಂದೆ ಚಾಚಿದರು.

ಈಗ ಅಂಗಡಿಯಲ್ಲಿ ಹುಡುಗರ ತಕರಾರು:
“ಅಣ್ಣಾ, ಗುಂಡು ಬಂದಿದ್ದು ಗೊತ್ತಾಗೋದೇ ಇಲ್ಲ,
ಸುಮ್ಮಸುಮ್ಮನೆ ಸಾಯ್ತೀವಿ.”
ಗೇಟು ಬಿದ್ದಿದೆ, ಗೂಡ್ಸು ಇನ್ನೂ ಬಂದಿಲ್ಲ.
ಸ್ಕ್ರೂ ಡ್ರೈವರು ಕಿವಿಗೆ ಸಿಕ್ಕಿಸಿಕೊಂಡು ಹೇಳುತ್ತೇನೆ,
“ಲಾರಿ ಆಟ ಆಡ್ರಲೇ.”