ಚರಾಸ್ತಿ

ಕಂಪನಿ ಮುಳುಗಿದ್ದು ಮಾರ್ಚಿನ ಒಂದು ಮಂಗಳವಾರ.
ಕುವೊಪಿಯೊದಲ್ಲಿ ಅವತ್ತು ಸರೋವರ ಇನ್ನೂ ಕಲ್ಲಿನಂತಿತ್ತು,
ಮುಳುಗಲಿಕ್ಕೆ ನೀರೇ ಇರಲಿಲ್ಲ.
ಫೋನಿಗೆ ಬಂದದ್ದು ಎರಡು ಸಾಲು:
ಕಾರಿನ ಕೀಲಿ, ಲ್ಯಾಪ್‌ಟಾಪು, ಮಾದರಿಯ ಪೆಟ್ಟಿಗೆ
ಶುಕ್ರವಾರದೊಳಗೆ ಒಪ್ಪಿಸತಕ್ಕದ್ದು.

ಪೆಟ್ಟಿಗೆಯಲ್ಲಿ ಒಂದು ರಬ್ಬರಿನ ತೋಳು,
ಅದರ ಚರ್ಮದಡಿ ಅರ್ಧ ಬೆಂಕಿಕಡ್ಡಿಯಷ್ಟು ಕೊಳವೆ.
ಡಾಕ್ಟರರ ಮೇಜಿನ ಮೇಲಿಟ್ಟು 'ಮುಟ್ಟಿ ನೋಡಿ' ಎನ್ನುತ್ತಿದ್ದೆ,
ಪೇಟೆಚೌಕದ ಮೀನಿನವನ ಹಾಗೆ.
ವರ್ಷಕ್ಕೊಂದು ಗೀರು, ಬೆರಳು ಚುಚ್ಚುವ ಗೋಳಿಲ್ಲ,
ಸಕ್ಕರೆ ಇಳಿದರೆ ತೋಳೇ ತಟ್ಟಿ ಎಬ್ಬಿಸುತ್ತದೆ.
ಸುಳ್ಳು ಹೇಳಲಿಲ್ಲ.
ಅದೇ ಈಗ ಕಷ್ಟ.

ಹೀಗೆ ಮೂವತ್ತೊಂಬತ್ತು ತೋಳು.
ಕಮಿಷನ್ನಿನಲ್ಲಿ ನಮ್ಮ ಸೌನಾಕ್ಕೆ ಹೊಸ ಒಲೆ ಬಂತು.

ಓರ್ವೊಕ್ಕಿ ಹಕ್ಕರಾಯ್ನೆನ್ ಹದಿನೇಳನೆಯವಳು.
ರಾತ್ರಿ ಎರಡಕ್ಕೆ ಎದ್ದು ರೈ ಹಿಟ್ಟು ನಾದುವವಳು,
ರೊಟ್ಟಿಯ ಹೊಟ್ಟೆಗೆ ಸಣ್ಣ ಮೀನು ತುಂಬಿ
ಗಾಯ ಹೊಲಿದಂತೆ ಬಾಯಿ ಮುಚ್ಚುವವಳು.
ಕಾರಿರಲಿಲ್ಲ, ಬಸ್ಸಿನಲ್ಲಿ ಹೋದೆ.

'ಸತ್ತಿದೆ' ಎಂದಳು ತೋಳು ತೋರಿಸಿ,
ಹಿಟ್ಟಿನ ಕೈ ಒರೆಸಿಕೊಳ್ಳದೆ.
'ಆಪು ತೆರೆದರೆ ಬರೀ ಬೂದು. ಹೊರಗೆ ತೆಗೆಸುವ ಖರ್ಚು ಯಾರದು?'
ನನಗೆ ಗೊತ್ತಿರಲಿಲ್ಲ.
ಕೋಟಿನ ಜೇಬಲ್ಲಿ ಹರಾಜಿನ ಪಟ್ಟಿಯಿತ್ತು, ಕೊಟ್ಟೆ.
ಗಟ್ಟಿಯಾಗಿ ಓದಿದಳು:
ಚರಾಸ್ತಿ.
ಕುರ್ಚಿ ಇಪ್ಪತ್ತೆರಡು.
ಕಾಫಿ ಯಂತ್ರ ಒಂದು, ದುರಸ್ತಿಯಾಗಬೇಕು.
ಪೇಟೆಂಟು ಒಂಬತ್ತು.
ಬಳಕೆದಾರರ ಅಂಕಿಅಂಶ, ಆರು ವರ್ಷದ್ದು, ಸಗಟಾಗಿ.

'ಇದರಲ್ಲಿ ನಾನೆಲ್ಲಿ?'
ಕೊನೆಯ ಸಾಲಿಗೆ ಬೆರಳಿಟ್ಟೆ.

ತುಂಬ ಹೊತ್ತು ಒಲೆಯ ಬಾಯನ್ನೇ ನೋಡಿದಳು.
'ಹೋದ ಜನವರಿ ಒಂದು ರಾತ್ರಿ
ಎರಡು ಪಾಯಿಂಟ್ ಮೂರಕ್ಕೆ ಇಳಿದಿತ್ತು.
ಇಲ್ಲೇ, ಈ ಹಿಟ್ಟಿನ ಚೀಲದ ಪಕ್ಕ ಬಿದ್ದಿದ್ದೆ.
ಅದು ತಟ್ಟಿತು. ತಟ್ಟುತ್ತಲೇ ಇತ್ತು,
ಹಟಮಾರಿ ಮಗುವಿನಂತೆ.
ತೆವಳಿ ಹೋಗಿ ಜಾಮಿನ ಡಬ್ಬಿಗೆ ಕೈಯಿಟ್ಟು ನೆಕ್ಕಿದೆ.
ಆ ರಾತ್ರಿಯೂ ಮಾರಾಟಕ್ಕಿದೆಯೇನು?'

ಇದೆ, ಎಂದೆ.

'ಎಷ್ಟಕ್ಕೆ?'

ಬಿಡಿಯಾಗಿ ಕೊಡುವುದಿಲ್ಲ, ಎಂದೆ.

ನಗು ಬಂತು ಅವಳಿಗೆ, ಉಗುಳು ನುಂಗಿದಷ್ಟೇ ಹೊತ್ತು.
ಒಲೆಯಿಂದ ಒಂದು ಮೀನುರೊಟ್ಟಿ ಎಳೆದು
ಆ ಪಟ್ಟಿಯಲ್ಲೇ ಸುತ್ತಿ ಮುಂದಿಟ್ಟಳು.
'ಹದಿನೆಂಟು ಯೂರೊ. ನಾನೂ ಬಿಡಿಯಾಗಿ ಕೊಡುವುದಿಲ್ಲ.'
ಚಿಲ್ಲರೆ ಎಣಿಸುತ್ತಿರುವಾಗ ಹೆಬ್ಬೆರಳು ತಾನಾಗಿ
ತೋಳಿನ ಆ ಜಾಗವನ್ನೊಮ್ಮೆ ಒತ್ತಿ ನೋಡಿತು,
ಉತ್ತರ ಬರುವುದೇನೋ ಎಂಬಂತೆ.

ಬಸ್ಸಿನಲ್ಲಿ ಬಿಚ್ಚಿದೆ.
ಜಿಡ್ಡು ಕುಡಿದು ಕುರ್ಚಿಗಳು ಮಾಯವಾಗಿದ್ದವು,
ಪೇಟೆಂಟುಗಳು ಅರ್ಧಂಬರ್ಧ.
ಕೊನೆಯ ಸಾಲು ಇನ್ನೂ ಓದಲು ಬರುತ್ತಿತ್ತು.

ಬಿಸಿಯಿತ್ತು. ತಿಂದೆ.