ಇಪ್ಪತ್ತೊಂದನೇ ದಿನ

ಬಂದ ದಿನ ಬೆಲ್ಲದ ನೀರು ಕೊಟ್ಟೆ,
ಅಂಗೈಯಲ್ಲಿ ಹಿಡಿದು ಒಂದೊಂದರ ಕೊಕ್ಕೂ ಅದ್ದಿ.
ಒಂದೊಂದರದ್ದೂ ಅಲ್ಲ, ಸುಳ್ಳು ಯಾಕೆ,
ಎರಡು ಸಾವಿರದಲ್ಲಿ ಐವತ್ತಕ್ಕೆ ಕಲಿಸಿದರೆ
ಮಿಕ್ಕವು ನೋಡಿ ಕಲಿಯುತ್ತವೆ.

ಭತ್ತದ ಹೊಟ್ಟು ಹಾಸಿದ್ದೆ ಮೂರು ಬೆರಳು ದಪ್ಪ,
ಕಿರುಗಾವಲಿನ ಮಿಲ್ಲಿಂದ ತಂದದ್ದು.
ಹದಿನೆಂಟು ದಿನ ಏನೂ ಇಲ್ಲ.
ಆಮೇಲೆ ನಾಲೆಗೆ ನೀರು ಬಿಟ್ಟರು,
ಗಾಳಿಗೆ ತಂಡಿ ಬಂತು, ನಿಪ್ಪಲ್ಲೊಂದು ಸೋರಿತು,
ಮೂಡಲ ಮೂಲೆಯ ಹೊಟ್ಟು
ಹಿಡಿದರೆ ಉಂಡೆ ಕಟ್ಟುವಷ್ಟು ಒದ್ದೆ.

ಇಪ್ಪತ್ತೊಂದರ ಬೆಳಗ್ಗೆ
ರೆಕ್ಕೆ ಇಳಿಬಿಟ್ಟು ಕೂತಿದ್ದವು,
ಮದುವೆ ಮನೆಯಲ್ಲಿ ಯಾರೂ ಮಾತಾಡಿಸದ ನೆಂಟರ ಹಾಗೆ.
ಹಿಕ್ಕೆ ನೋಡಿದೆ.
ಎಲೆಅಡಿಕೆ ಉಗಿದ ಹಾಗಿತ್ತು.

ಯತಿರಾಜ ಬಂದ, ಕಂಪನಿ ಬೈಕು, ಬೂಟಿಗೆ ಪ್ಲಾಸ್ಟಿಕ್ಕು.
ಸತ್ತ ಒಂದನ್ನು ಒಗೆಯೋ ಕಲ್ಲಿನ ಮೇಲೆ ಸೀಳಿ,
'ನೋಡಕ್ಕ, ಕುರುಡುಗರುಳು ಊದಿದೆ, ಒಳಗೆ ಬರೀ ರಕ್ತ.
ಕಾಕ್ಸಿ. ಹುಳ ಅನ್ನೋಕೂ ಆಗಲ್ಲ, ಅಷ್ಟು ಸಣ್ಣದು.
ಹಿಕ್ಕೆಯಲ್ಲಿ ಮೊಟ್ಟೆ ಬೀಳ್ತವೆ,
ಒದ್ದೆ ಹೊಟ್ಟಲ್ಲಿ ಕಾಯ್ತವೆ.'

ಮೊಟ್ಟೆ ಅಂದನಲ್ಲ, ಅದು ಎದೆಯಲ್ಲಿ ಕೂತಿತು.
ನನ್ನ ಕೋಳಿಗಳು ಮೊಟ್ಟೆ ಇಡುವ ವಯಸ್ಸು ಕಾಣುವುದಿಲ್ಲ.
ನಲವತ್ತೆರಡಕ್ಕೆ ಲಾರಿ.
ಇವುಗಳ ಕರುಳೊಳಗೆ
ಇನ್ಯಾರದೋ ಬಾಣಂತನ.

ಐದು ದಿನಕ್ಕೆ ನೀರಿಗೆ ಹಾಕುವ ಔಷಧಿ ಕೊಟ್ಟ.
ಆಮೇಲೆ ಮೇವಿಗೆ ಬೆರೆಸೋಕೆ ಬೆಳ್ಳಿ ಬಣ್ಣದ ಪಾಕೀಟು,
ಹೊರದೇಶದ ಸೊಪ್ಪಿನ ಎಣ್ಣೆ ಸೇರಿದ ಪುಡಿಯಂತೆ,
ದುಡ್ಡು ನನ್ನ ಬಿಲ್ಲಲ್ಲಿ ಕಟ್ಟು.
ಮೂಸಿ ನೋಡಿದೆ.
'ಇದು ದೊಡ್ಡಪತ್ರೆ ಕಣಯ್ಯ!'
ನಕ್ಕ. 'ಅಲ್ಲ ಅಕ್ಕ, ಬೇರೆ.'
ಮತ್ತೊಮ್ಮೆ ಮೂಸಿದೆ. ಬೇರೆ ಇರಬಹುದು.
ಇಬ್ಬರು ಮಕ್ಕಳ ಕೆಮ್ಮು ಇಳಿಸಿದ ಮೂಗು ನನ್ನದು.

ಐದು ದಿನ ಔಷಧಿ ಎಲ್ಲಕ್ಕೂ ಸಮ.
ಆರನೆಯ ದಿನ ಹಳೇ ನೈಲಾನ್ ಸೀರೆ ಅಡ್ಡ ಕಟ್ಟಿ
ಶೆಡ್ಡು ಎರಡು ಮಾಡಿದೆ.
ಆಚೆ ಪಾಕೀಟು.
ಈಚೆ ನಾನು, ಒರಳು, ಬೆಳ್ಳುಳ್ಳಿ,
ಗುರುಶಾಂತಮ್ಮತ್ತೆ ಕೊಟ್ಟ ಅರಿಶಿನದ ಕೊಂಬು,
ಬೇಲಿ ಸಾಲಿನ ದೊಡ್ಡಪತ್ರೆ ಅಷ್ಟೂ.
ಮಗಳ ಹಳೇ ಗಣಿತದ ಪುಸ್ತಕದ ಹಿಂಬದಿಗೆ ಲೆಕ್ಕ:
ಆಚೆ ಒಂಬತ್ತು, ಈಚೆ ಹನ್ನೊಂದು.
ತೂಕ ಆಚೆಯವೇ ಒಂದು ಗುಲಗಂಜಿ ಮುಂದೆ.
ಅತ್ತೆಗೆ ಹೇಳಲಿಲ್ಲ.

ಒಂದು ರಾತ್ರಿ ಕರೆಂಟು ಹೋಗಿ, ಟಾರ್ಚು ಹಿಡಿದು
ಸತ್ತವು ಎಲ್ಲೆಲ್ಲಿ ಸಿಕ್ಕಿದವು ಅಂತ
ಪುಸ್ತಕದಲ್ಲಿ ಚುಕ್ಕಿ ಇಟ್ಟು ನೋಡಿದೆ.
ಚುಕ್ಕಿಗಳು ಸೀರೆಯನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ.
ಆಚೆಯವೂ ಈಚೆಯವೂ
ಸೋರುವ ನಿಪ್ಪಲ್ಲಿನ ಸುತ್ತ ಸೇರಿದ್ದವು,
ಕೊಳಾಯಿ ಮುಂದಿನ ಕೊಡಗಳ ಹಾಗೆ.

ಬೆಳಗಾಗುವವರೆಗೆ ಒದ್ದೆ ಹೊಟ್ಟು ಗೋರಿದೆ,
ಸುಣ್ಣ ಎರಚಿದೆ, ಹೊಸದು ಹಾಸಿದೆ.
ಬಗ್ಗಿದ ಸೊಂಟ ಎತ್ತುವಾಗ ಒಂದು ಹುಂಜ
ಅದಿನ್ನೂ ಹುಂಜವಲ್ಲ, ಕೂಗುವ ಯೋಚನೆ ಮಾತ್ರ,
ನನ್ನ ಕಾಲುಂಗುರ ಕುಕ್ಕಿತು.
ಹಸಿವಾಗಿದೆ ಅಂದುಕೊಂಡೆ. ಒಳ್ಳೆಯದೇ.

ಲಾರಿ ಬಂತು, ಹೋಯಿತು.
ಸೀರೆ ಬಿಚ್ಚಿ ಒಗೆದೆ, ಅರಿಶಿನದ ಕಲೆ ಹೋಗಲಿಲ್ಲ.
ಬೇಲಿಯಲ್ಲಿ ದೊಡ್ಡಪತ್ರೆ ಬರೀ ದಂಟು.
ಗುರುವಾರ ಹೊಸ ಮರಿ.
ಮಳವಳ್ಳಿಗೆ ಹೋಗುವವರು ಯಾರಾದರೂ ಇದ್ದರೆ
ಒಂದು ವಾಷರು ತನ್ನಿ,
ಹನ್ನೆರಡು ರೂಪಾಯಿ ಇರಬೇಕು.